ಕೆಟಲ್ ಕಣಿವೆಯ ಕುಲ

ಜನವರಿ ೬, ಸೋಮವಾರ

ನಿನ್ನೆ ಸಂಜೆ ಮಳೆಯಿಲ್ಲದ ಸಿಡಿಲು. ಬಡಗಣ ಬೆಟ್ಟಸಾಲಿನಲ್ಲಿ ಎರಡು ಕಡೆ ಬೆಂಕಿ ಹತ್ತಿಕೊಂಡಿದೆಯಂತೆ. ಕ್ಲೆಮ್ ಬೆಳಿಗ್ಗೆ ರೇಡಿಯೊಕ್ಕೆ ಕಿವಿಗೊಟ್ಟುಕೊಂಡೇ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ.

"ದೂರ ಇದೆ ಕಣೇ. ನಡುವೆ ಗೋಧಿ ಕೊಯ್ದ ಬಯಲು. ಇಲ್ಲಿಗೆ ಬರ್ಬೇಕಾದ್ರೆ ಅದು ಬಸ್ಸೇ ಹಿಡೀಬೇಕು" ಎಂದ.

ನಾನೂ ನಕ್ಕೆ. ಅವನು ಟ್ರ್ಯಾಕ್ಟರ್ ರಿಪೇರಿಗೆ ಹೊರಟ ಮೇಲೆ ಪಾಸ್‌ಪೋರ್ಟು, ಅಮ್ಮನ ಫೋಟೊ, ಒಂದು ಜೊತೆ ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುಂಬಿ ಕಾರಿನಲ್ಲಿಟ್ಟೆ. ಮಧ್ಯಾಹ್ನ ನಾಚಿಕೆಯಾಗಿ ಒಳಗೆ ತಂದೆ. ಸಂಜೆ ಮತ್ತೆ ಇಟ್ಟುಬಂದೆ.

ಪರ್ತ್ ನಗರದಲ್ಲಿ ಹುಟ್ಟಿ ಬೆಳೆದವಳು ನಾನು. ಈ ಹಾರ್ಪರ್ ಕೊಲ್ಲಿಗೆ ಬಂದು ಒಂಬತ್ತು ಬೇಸಿಗೆಗಳಾದವು. ಇಲ್ಲಿ ಜನವರಿಯೆಂದರೆ ನಡುಬೇಸಿಗೆ. ಒಂದು ಬೇಸಿಗೆಯಲ್ಲೂ ನೆಟ್ಟಗೆ ಉಸಿರಾಡಿದವಳಲ್ಲ. ಹೊಗೆಯ ವಾಸನೆ ಬಂದರೆ ಸಾಕು, ಕಾರಿನ ಕೀಲಿ ಹುಡುಕುತ್ತೇನೆ. ಊರಿನ ಬೆಂಕಿಪಡೆಯ ನಾಯಕನ ಹೆಂಡತಿ ಹೀಗೆಂದು ಯಾರಿಗೆ ಹೇಳಲಿ? ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜನವರಿ ೯, ಗುರುವಾರ

ಬಂದರಿನ ಹಿಂದಿನ ಹಳೆಯ ಮೀನುಗೋದಾಮಿನ ಎರಡು ಕೋಣೆಗಳು ನನ್ನ ಪ್ರಯೋಗಾಲಯ. ಇವತ್ತು ಅಲ್ಲಿಗೆ ಲೊರೆಟಾ ಬಂದಿದ್ದಳು. ಅಭಯಾರಣ್ಯ ಅವಳ ಸುಪರ್ದಿಯಲ್ಲಿದೆ. ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನ, ಅವಳ ಅಜ್ಜಿಯ ಅಜ್ಜಿಯೂ ಇದೇ ಕರಾವಳಿಯವಳು. ನಾನು ಹದಿನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡಿರುವುದರ ಮೇಲೆ ಅವಳಿಗೆ ಒಂದೇ ದೂರು: ತಡ.

"ಏನಾಯ್ತು ಮಾರಾಯ್ತಿ ನಿನ್ನ ಗುರುತುಗಳು? ನನ್ನ ಡಿಬ್ಲರ್‌ಗಳು ಮುದಿಯಾದ್ವು."

ಡಿಬ್ಲರ್ ಇಲಿಯಷ್ಟೇ ಗಾತ್ರ. ಕಣ್ಣ ಸುತ್ತ ಸುಣ್ಣ ಹಚ್ಚಿದಂಥ ಬಿಳಿ ಉಂಗುರ, ಹೆಣ್ಣಿಗೆ ಹೊಟ್ಟೆಯಡಿ ಮರಿಗಳನ್ನು ಸಾಕುವ ಚೀಲ. ಊರಿಗೆಲ್ಲ ಅದು "ರೋವೆನಾಳ ಇಲಿ". ಇಲಿಯಲ್ಲ ಎಂದು ಹೇಳಿ ಹೇಳಿ ಬಿಟ್ಟುಬಿಟ್ಟಿದ್ದೇನೆ. ಪ್ರಪಂಚದಲ್ಲಿ ಉಳಿದಿರುವುದೇ ಬೆರಳೆಣಿಕೆಯ ತಾವುಗಳಲ್ಲಿ. ಒಂದೆರಡು ದ್ವೀಪಗಳಲ್ಲಿ ಕೆಲವು, ನಮ್ಮ ಬೆಟ್ಟದ ಮೇಲೆ ಒಂದು ಗುಂಪು, ಅದರ ಆಚೆ ಕೆಟಲ್ ಕಣಿವೆಯಲ್ಲಿ ಇನ್ನೊಂದು ಚಿಕ್ಕ ಗುಂಪು. ಪರ್ತ್‌ನ ಮೃಗಾಲಯದವರು ಮರಿ ಮಾಡಿಸುತ್ತಿರುವುದೆಲ್ಲ ಬೆಟ್ಟದವುಗಳಿಂದ. ಕಣಿವೆಯವೂ ಅದೇ ಕುಲವೇ, ಬೇರೆಯೇ ಎಂಬುದು ಪ್ರಶ್ನೆ.

ಕ್ಲೆಮ್‌ಗೆ ಒಮ್ಮೆ ಹೀಗೆ ಹೇಳಿದ್ದೆ: ಪ್ರತಿ ಜೀವಿಯ ಡಿಎನ್‌ಎಯಲ್ಲೂ ತೊದಲುವ ಜಾಗಗಳಿರುತ್ತವೆ. ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಒಂದು ಮನೆತನ ಒಂಬತ್ತು ಸಲ ತೊದಲಿದರೆ ಇನ್ನೊಂದು ಹದಿಮೂರು ಸಲ. ಆ ಜಾಗಗಳೇ ನನ್ನ ಗುರುತುಗಳು. ಅವನ್ನು ಪತ್ತೆ ಮಾಡಿಟ್ಟುಕೊಂಡರೆ ಯಾರು ಯಾರ ಮಗು, ಯಾವ ಗುಂಪು ಎಷ್ಟು ಕಾಲದಿಂದ ಬೇರೆಯಾಗಿದೆ, ಎಲ್ಲವನ್ನೂ ಒಂದು ಚೂರು ಕಿವಿಯಿಂದ ಹೇಳಬಹುದು. ಕ್ಲೆಮ್ ಯೋಚಿಸಿ, "ಅಂದ್ರೆ ತೊದಲು ಕೇಳಿ ಇಂಥೋರ ಮನೆಯವನು ಅನ್ನೋದು" ಎಂದ. ಅಷ್ಟೇ.

ಲೊರೆಟಾ ಕಳೆದ ವರ್ಷ ತೆಗೆದಿಟ್ಟ ಕಣಿವೆಯ ಕಿವಿಚೂರುಗಳನ್ನು ಈ ವಾರ ಪರೀಕ್ಷೆಗಿಟ್ಟಿದ್ದೇನೆ. ತೊದಲು ಅಳೆಯುವ ಯಂತ್ರ ಪರ್ತ್‌ನಲ್ಲಿದೆ. ಬಸ್ಸಿನಲ್ಲಿ ಕಳಿಸಿದ್ದಾಯಿತು. ಉತ್ತರ ಬರುವವರೆಗೆ ಕಾಯಬೇಕು.

ಬಡಗಣದಲ್ಲಿ ಆಕಾಶ ಕೆನೆಗಟ್ಟಿದ ಚಹಾದ ಬಣ್ಣಕ್ಕೆ ತಿರುಗಿದೆ.

ಜನವರಿ ೧೪, ಮಂಗಳವಾರ

ಬೆಂಕಿ ಬಯಲು ದಾಟಿತು. ಬಸ್ಸು ಹಿಡಿಯಲಿಲ್ಲ, ಅಷ್ಟೇ.

ಸಂಜೆ ಊರ ಸಭಾಂಗಣದಲ್ಲಿ ಎಲ್ಲರೂ ಸೇರಿದ್ದರು. ಕ್ಲೆಮ್ ನಕಾಶೆ ತೂಗುಹಾಕಿ ಬೆರಳಿಟ್ಟು ತೋರಿಸಿದ. ವಾರದ ಕೊನೆಗೆ ಗಾಳಿ ತಿರುಗುವ ಸಂಭವವಿದೆ. ತಿರುಗಿದರೆ ಬೆಂಕಿ ಕೆಟಲ್ ಕಣಿವೆಗೇ ಇಳಿಯುತ್ತದೆ. ಕಣಿವೆ ಕೊಳವೆಯ ಹಾಗೆ. ಒಳಹೊಕ್ಕ ಬೆಂಕಿಯನ್ನು ಊದಿ ಊದಿ ಬಾಯಿಯಲ್ಲಿ ಉಗುಳುತ್ತದೆ. ಬಾಯಿಯಲ್ಲಿರುವುದು ಏವರಿಲ್‌ಳ ಕುರಿಹೊಲ. ಅದರ ಹಿಂದೆ ಊರು.

ಏವರಿಲ್ ಎದ್ದು ನಿಂತಳು. ಎಪ್ಪತ್ತು ದಾಟಿದ ವಿಧವೆ, ಒಬ್ಬಳೇ ಹೊಲ ನೋಡಿಕೊಳ್ಳುತ್ತಾಳೆ. "ಹಂಗಾದ್ರೆ ಕಣಿವೇನ ನಾವೇ ಮೊದ್ಲು ಸುಟ್ಬಿಡ್ಬೇಕಪ್ಪ, ಗಾಳಿ ನಮ್ ಕೈಲಿರುವಾಗ್ಲೇ. ಕಾಯೋದ್ಯಾಕೆ?"

ಅವಳ ಮಾತು ಸರಿ. ಕಣಿವೆಯನ್ನು ಮೊದಲೇ ಹದವಾಗಿ ಸುಟ್ಟರೆ ದೊಡ್ಡ ಬೆಂಕಿ ಬಂದಾಗ ತಿನ್ನಲು ಏನೂ ಇರುವುದಿಲ್ಲ. ಬೆಂಕಿರೇಖೆ ಅಂದರೆ ಅದೇ. ಎಲ್ಲರೂ ನನ್ನತ್ತ ನೋಡಿದರು. ಯಾರೋ ಹಿಂದಿನಿಂದ, "ರೋವೆನಾಳ ಇಲೀನ ಕೇಳ್ಬೇಕಲ್ವಾ ಮೊದ್ಲು?" ಎಂದರು. ನಗೆ.

ಮನೆಗೆ ಬಂದ ಮೇಲೆ ಕ್ಲೆಮ್ ಕುರ್ಚಿಯನ್ನು ನನ್ನೆದುರು ಎಳೆದುಕೊಂಡು ಕೂತ.

"ನೋಡು, ಇಲಾಖೆಯವ್ರು ತೀರ್ಮಾನ ನಂಗೇ ಬಿಟ್ಟಿದ್ದಾರೆ. ಕಣಿವೇಲಿರೋವೂ ಬೆಟ್ಟದ ಮೇಲಿರೋವೂ ಒಂದೇನಾ?"

"ಇನ್ನೂ ಗೊತ್ತಿಲ್ಲ. ನಾಳೆ ಬರುತ್ತೆ."

"ಒಂದೇ ಅಂದ್ರೆ ಗುರುವಾರ ಬೆಂಕಿ ಹಚ್ತೀನಿ. ಬೇರೆ ಅಂದ್ರೆ ಹಚ್ಚಲ್ಲ. ಗಾಳಿ ತಿರುಗ್ದಿದ್ರೆ ಕಣಿವೆ ಉಳಿಯುತ್ತೆ. ತಿರುಗಿದ್ರೆ ಏವರಿಲ್ ಬೇಲಿ ಹತ್ರ ಟ್ರಕ್ ನಿಲ್ಲಿಸ್ಕೊಂಡು ಅಲ್ಲೇ ತಡೀತೀವಿ."

"ಬಯಲಲ್ಲೇ? ಗಾಳಿಗೆ ಎದುರಾಗಿಯೇ?"

"ಮತ್ತಿನ್ನೆಲ್ಲಿ?" ಎಂದ, ಹಾಲಿನವನು ಹಾಲು ತರುವ ದಾರಿ ಹೇಳಿದ ಹಾಗೆ.

ನಾನು ತಟ್ಟೆ ತೊಳೆಯಲು ಎದ್ದೆ. ಕೈಯಿಂದ ಒಂದು ಜಾರಿ ಒಡೆಯಿತು.

ಜನವರಿ ೧೫, ಬುಧವಾರ

ಉತ್ತರ ಬಂತು. ಬೇರೆ.

ಸ್ವಲ್ಪ ಬೇರೆಯಲ್ಲ. ನಾನು ಹುಡುಕಿದ ಗುರುತುಗಳಲ್ಲಿ ಅರ್ಧದಷ್ಟರಲ್ಲಿ ಕಣಿವೆಯವುಗಳ ತೊದಲು ಬೆಟ್ಟದಲ್ಲಿಲ್ಲ, ದ್ವೀಪಗಳಲ್ಲಿಲ್ಲ, ಮೃಗಾಲಯದಲ್ಲಿಲ್ಲ. ಅದು ಸಾವಿರಾರು ವರ್ಷ ತಾನೇ ತಾನಾಗಿ ಬದುಕಿದ ಕುಲ. ಕಣಿವೆ ಸುಟ್ಟರೆ ಅದು ಮುಗಿಯುತ್ತದೆ.

ಹದಿನಾಲ್ಕು ತಿಂಗಳ ಕೆಲಸ ಫಲ ಕೊಟ್ಟ ದಿನ. ಕೂಗಿ ಕುಣಿಯಬೇಕಿತ್ತು. ನಾನು ಬಾಗಿಲಿಗೆ ಅಗುಳಿ ಹಾಕಿ ನೆಲದ ಮೇಲೆ ಕೂತೆ.

ಯಂತ್ರದವರು ಕಳಿಸುವುದು ಬರೀ ಅಂಕಿ; ಅದರ ಅರ್ಥ ಗೊತ್ತಿರುವವಳು ನಾನೊಬ್ಬಳೇ. ಪರ್ತ್‌ನಲ್ಲಿರುವ ಇಂಗ್ರಿಡ್‌ಗೆ, ನನ್ನ ಮೇಲಧಿಕಾರಿಗೆ, ಇನ್ನೂ ಕಳಿಸಿಲ್ಲ. ಕ್ಲೆಮ್‌ಗೆ "ಇನ್ನೂ ಸ್ಪಷ್ಟವಾಗಿಲ್ಲ" ಎಂದರೆ ಮುಗಿಯಿತು. ನಾಳೆ ಅವನು ಕಣಿವೆಗೆ ಬೆಂಕಿ ಹಚ್ಚುತ್ತಾನೆ. ಮುಂದೆ ಬರುವ ದೊಡ್ಡ ಬೆಂಕಿ ಬೂದಿಯ ಮುಂದೆ ಬಾಯಿ ಮುಚ್ಚಿಕೊಳ್ಳುತ್ತದೆ. ಅವನು ಮನೆಗೆ ಬರುತ್ತಾನೆ, ಬೂಟು ಬಿಚ್ಚುತ್ತಾನೆ, ಊಟಕ್ಕೇನಿದೆ ಎನ್ನುತ್ತಾನೆ. ಯಾರಿಗೂ ಎಂದಿಗೂ ತಿಳಿಯುವುದಿಲ್ಲ.

ನಿಜ ಹೇಳಿದರೆ ಅವನು ಬಯಲಿನಲ್ಲಿ ನಿಲ್ಲುತ್ತಾನೆ.

ಊಟ ಸೇರಲಿಲ್ಲ. "ಬಂತಾ?" ಎಂದು ಅವನು ಕೇಳಿದಾಗ "ಬೆಳಿಗ್ಗೆ ಹೇಳ್ತೀನಿ" ಎಂದೆ.

ಜನವರಿ ೧೬, ಗುರುವಾರ

ಹೇಳಿಬಿಟ್ಟೆ. ಹೇಗೆ ಹೇಳಿದೆನೋ. ಅವನು ಬೂಟಿನ ದಾರ ಕಟ್ಟುತ್ತಿದ್ದ.

"ಬೇರೆ, ಕ್ಲೆಮ್. ಪೂರ್ತಿ ಬೇರೆ."

ಅವನು ತಲೆಯೆತ್ತದೆ "ಸರಿ" ಎಂದ. ಅವನು ಇನ್ನೊಂದು ಬೂಟಿಗೆ ಕೈ ಹಾಕುವ ಮೊದಲೇ ಹೇಳಿದೆ:

"ಆದ್ರೆ ನೀನು ಬಯಲಲ್ಲಿ ನಿಲ್ಬೇಡ. ಎರಡು ದಿನ ಕೊಡು. ಬೋನು ಇಟ್ಟು ಸಿಕ್ಕಷ್ಟನ್ನ ಹೊರಗೆ ತರ್ತೀವಿ. ಭಾನುವಾರ ನೀನು ಕಣಿವೆ ಸುಡು."

"ಯಾರು ತರ್ತೀರಿ?"

"ಲೊರೆಟಾ."

"ಒಬ್ಳೇನಾ? ಒಬ್ಬರನ್ನ ಒಳಗೆ ಬಿಡಲ್ಲ ನಾನು, ಅದು ನಿಯಮ."

ಅವನು ನನ್ನನ್ನೇ ನೋಡುತ್ತಿದ್ದ. ಕೆಟಲ್ ಕಣಿವೆಗೆ ಇರುವುದು ಒಂದೇ ದಾರಿ. ಹೋದ ದಾರಿಯಲ್ಲೇ ಬರಬೇಕು. ಆ ಕಾರಣಕ್ಕೇ ನಾನು ಒಮ್ಮೆಯೂ ಅಲ್ಲಿಗೆ ಹೋಗಿಲ್ಲ. ಕಿವಿಚೂರುಗಳನ್ನು ಸೀಸೆಯಲ್ಲಿ ಕಂಡವಳೇ ಹೊರತು ಜೀವಂತ ಕಣಿವೆಯ ಡಿಬ್ಲರನ್ನು ಕಂಡವಳಲ್ಲ.

"ನಾನಿದ್ದೀನಲ್ಲ" ಎಂದಿತು ನನ್ನ ಬಾಯಿ.

ಏವರಿಲ್‌ಗೆ ಅವನೇ ಹೋಗಿ ತಿಳಿಸಿ ಬಂದ. ಅವಳು ಏನೆಂದಳು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜನವರಿ ೧೭, ಶುಕ್ರವಾರ

ಸಂಜೆ ಬೋನು ಇಟ್ಟು ಬಂದೆವು. ಇಕ್ಕೆಲದಲ್ಲೂ ಕಲ್ಲಿನ ಗೋಡೆ, ನಡುವೆ ಒಣಗಿದ ಹೊಳೆ, ಎದೆಮಟ್ಟದ ಪೊದೆ. ಕಾಲಿಟ್ಟಲ್ಲೆಲ್ಲ ತರಗು ಹಪ್ಪಳದ ಹಾಗೆ ಮುರಿಯುತ್ತಿತ್ತು. ಇದೆಲ್ಲ ಉರಿಯುವ ವಸ್ತು ಎಂಬುದೊಂದೇ ನನ್ನ ತಲೆಯಲ್ಲಿ. ಓಟ್ಸ್, ಪೀನಟ್ ಬಟರ್, ಡಬ್ಬಿ ಮೀನು ಕಲಸಿ ಉಂಡೆ ಕಟ್ಟಿ ತಗಡಿನ ಬೋನುಗಳೊಳಗೆ ಇಡುವಾಗ ನನ್ನ ಕೈ ಹೇಗೆ ನಡುಗುತ್ತಿತ್ತೆಂದರೆ ಉಂಡೆ ಉರುಳಿ ಉರುಳಿ ಬೀಳುತ್ತಿತ್ತು.

"ನೀನು ಡಿಬ್ಲರ್‌ಗೆ ಹಾಕ್ತಿದೀಯೋ ಇರುವೆಗಳಿಗೋ?" ಎಂದಳು ಲೊರೆಟಾ.

"ನಿಂಗೆ ಹೆದರಿಕೆ ಆಗಲ್ವಾ?"

"ಆಗದೆ ಏನು? ಹೆದರಿಕೊಂಡೇ ಬಂದಿದೀನಿ. ಅದನ್ನ ಮನೇಲಿ ಬಿಟ್ಟು ಬರೋಕೆ ಅದೇನು ಕೊಡೆಯಾ?"

ರೇಡಿಯೊ ಗೊರಗೊರ ಎಂದಾಗಲೆಲ್ಲ ನಾನು ಕಾರಿನ ಕಡೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ಬರುತ್ತಿದ್ದೆ.

ಜನವರಿ ೧೮, ಶನಿವಾರ

ನಾಲ್ಕು ಸಿಕ್ಕವು!

ಬಟ್ಟೆಚೀಲದೊಳಗೆ ಕೈ ಹಾಕಿ ಮೊದಲನೆಯದನ್ನು ಹಿಡಿದಾಗ ಅದು ಹೆಬ್ಬೆರಳಿಗೆ ಹಲ್ಲು ನೆಟ್ಟು ಬಿಡಲೇ ಇಲ್ಲ. ಹೆಣ್ಣು. ಆ ಬಿಳಿ ಉಂಗುರದ ಕಣ್ಣಿನಿಂದ ನನ್ನನ್ನೇ ದಿಟ್ಟಿಸುತ್ತಿತ್ತು. ಅದರ ಎದೆ ನನ್ನ ಬೆರಳ ತುದಿಯಲ್ಲಿ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದು ನನ್ನದೋ ಅದರದೋ ತಿಳಿಯದಾಯಿತು. ಲೊರೆಟಾ ನಕ್ಕು, "ಹೆಸರು ಕೇಳ್ತಿದೆ, ಹೇಳು" ಎಂದಳು.

ಮಧ್ಯಾಹ್ನ ಬಿಸಿಲಿಗೆ ಬೋನು ಮುಚ್ಚಿ, ಸಂಜೆ ಮತ್ತೆ ತೆರೆದು ಬಂದೆವು. ಹೊಗೆ ಕೆಳಗಿಳಿದಿದೆ. ಸೂರ್ಯ ತಾಮ್ರದ ಕಾಸಿನಂತಿದ್ದ. ಕ್ಲೆಮ್ ಹೇಳುತ್ತಾನೆ, ಗಾಳಿ ಅಂದುಕೊಂಡದ್ದಕ್ಕಿಂತ ಮೊದಲೇ ತಿರುಗಬಹುದು, ನಾಳೆ ಬೆಳಕು ಹರಿಯುತ್ತಲೇ ಹೋಗಿ ಬೇಗ ಬನ್ನಿ ಎಂದು.

ಜನವರಿ ೨೦, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ. ಇಂದು ಶಾಲೆಯ ಮೈದಾನದಲ್ಲಿ, ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ಊರಿನ ಅರ್ಧ ಜನ ಇಲ್ಲೇ ಇದ್ದಾರೆ.

ನಿನ್ನೆ ಕೆಳಗಿನ ಸಾಲಿನ ಬೋನುಗಳಲ್ಲಿ ಎರಡು ಸಿಕ್ಕಿದ್ದವು. ಮೇಲಿನ ಸಾಲು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ರೇಡಿಯೊದಲ್ಲಿ ಕ್ಲೆಮ್.

"ಈಗ್ಲೇ ಹೊರಡಿ. ಗಾಳಿ ತಿರುಗ್ತಿದೆ. ಈಗ್ಲೇ ಅಂದ್ರೆ ಈಗ್ಲೇ."

ಕಣಿವೆಯ ಮೇಲ್ತುದಿಯಲ್ಲಿ ಹೊಗೆ ಗೋಡೆಯಂತೆ ಎದ್ದು ನಿಂತಿತ್ತು. ಒಂದು ಸದ್ದು, ದೂರದಲ್ಲಿ ರೈಲು ಹೋಗುತ್ತಿರುವಂತೆ. ಇಲ್ಲಿ ರೈಲಿಲ್ಲ.

ಲೊರೆಟಾ, "ನಡಿ" ಎಂದಳು.

ಮೇಲಿನ ಸಾಲಿನಲ್ಲಿ ಬೋನುಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು. ಒಳಗೆ ಏನಾದರೂ ಇದ್ದರೆ? ತಗಡಿನ ಡಬ್ಬಿ, ಬೆಂಕಿ. ಬಿಟ್ಟಿದ್ದರೆ ಅವು ಓಡುತ್ತಿದ್ದವೋ, ಬಿಲ ಹೊಗುತ್ತಿದ್ದವೋ. ಸಿಕ್ಕಿಸಿಟ್ಟವರು ನಾವು.

"ಕಾರು ತಿರುಗಿಸಿ ನಿಲ್ಸು" ಎಂದೆ. ಓಡಿದೆ.

ಅವಳು ಬೈಯುತ್ತಿದ್ದುದು ಕೇಳುತ್ತಿತ್ತು. ನನಗೆ ಜ್ಞಾಪಕವಿರುವುದು ಕೈಗಳು ಮಾತ್ರ. ಬೋನು ಎತ್ತು, ಅಲ್ಲಾಡಿಸು, ಹಗುರ, ತೆರೆದು ಬಿಸಾಡು. ಇನ್ನೊಂದು. ಹಗುರ. ಇನ್ನೊಂದು. ಭಾರ! ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದಕ್ಕೆ. ಕಿಡಿಗಳು ಮಿಡತೆಗಳ ಹಾಗೆ ಹಾರಿ ಹಾರಿ ಬೀಳುತ್ತಿದ್ದವು. ಒಂದು ತೋಳಿನ ಮೇಲೆ ಕೂತು ಅಂಗಿ ತೂತಾಯಿತು. ಕೊನೆಯ ಬೋನಿನವರೆಗೂ ಹೋದೆ. ಅದು ಖಾಲಿ.

ಹೊರಗೆ ಬಂದು ಏವರಿಲ್‌ಳ ಬೇಲಿ ದಾಟುವಾಗ ಕ್ಲೆಮ್ ಮತ್ತು ಅವನ ಹುಡುಗರು ಕಣಿವೆಯ ಬಾಯಿಗೆ ಬೆಂಕಿ ಇಡುತ್ತಿದ್ದರು. ಅವನು ನನ್ನ ಕಾರು ನೋಡಿದ. ಕೈಯೆತ್ತಲಿಲ್ಲ. ಅವನ ಮುಖ ನಾನು ಎಂದೂ ಕಾಣದ ಮುಖವಾಗಿತ್ತು.

ತಡವಾಗಿತ್ತು. ಅವನು ಇಟ್ಟ ಬೆಂಕಿ ಹದವಾಗಿ ಹಬ್ಬುವಷ್ಟರಲ್ಲಿ ದೊಡ್ಡದು ಅದರ ಮೇಲೆ ಹಾರಿ ಬಂತು. ಊರು ಉಳಿಯಿತು. ಮನುಷ್ಯರೆಲ್ಲ ಉಳಿದರು. ಏವರಿಲ್‌ಳ ಉಣ್ಣೆ ಕತ್ತರಿಸುವ ಕೊಟ್ಟಿಗೆ ಹೋಯಿತು, ಪಡುವಣ ಹೊಲದಲ್ಲಿದ್ದ ಕುರಿಗಳೆಲ್ಲ ಹೋದವು.

ಗುರುವಾರವೇ ಸುಟ್ಟಿದ್ದರೆ ಉಳಿಯುತ್ತಿದ್ದವು.

ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆ ಹೊದೆಸಿದ ಪೆಟ್ಟಿಗೆಗಳಿವೆ. ಏಳು ಡಿಬ್ಲರ್. ಮೂರು ಹೆಣ್ಣು, ನಾಲ್ಕು ಗಂಡು. ಬೂಟಿನ ಅಟ್ಟೆ ಕರಗಿ ಬಿಟ್ಟುಕೊಂಡಿದೆ, ಹೊಸದು ಕೊಳ್ಳಬೇಕು.

ಜನವರಿ ೨೩, ಗುರುವಾರ

ಸುಟ್ಟು ಅರೆಜೀವವಾಗಿದ್ದ ಕುರಿಗಳನ್ನು ಗುಂಡು ಹಾಕಿ ನೋವಿನಿಂದ ಬಿಡಿಸುವುದು ಪಡೆಯ ಕೆಲಸವೇ. ಬೇರೆಯವರನ್ನು ಕಳಿಸಬಹುದಿತ್ತು. ಕ್ಲೆಮ್ ತಾನೇ ಹೋದ, ಒಬ್ಬನೇ. ಎರಡು ದಿನ.

ಇವತ್ತು ಬಂದು ಅಡುಗೆಮನೆಯಲ್ಲಿ ಕೂತ. ಚಹಾ ಆರಿತು. ಇನ್ನೊಂದು ಮಾಡಿದೆ, ಅದೂ ಆರಿತು.

ಜನವರಿ ೨೯, ಬುಧವಾರ

ಕ್ಲೆಮ್ ರಾತ್ರಿಯೆಲ್ಲ ಅಡುಗೆಮನೆಯಲ್ಲೇ ಕೂತಿರುತ್ತಾನೆ.

ಬಂದೂಕು ಇಡುವ ಬೀರುವಿನ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಲೊರೆಟಾಳ ಮನೆಯಲ್ಲಿ ಕೊಟ್ಟು ಬಂದೆ. ಅವಳು ಅದನ್ನು ಕುತ್ತಿಗೆಯಲ್ಲಿದ್ದ ದಾರಕ್ಕೆ ಕಟ್ಟಿಕೊಂಡು ಅಂಗಿಯೊಳಗೆ ಹಾಕಿಕೊಂಡಳು.

ಫೆಬ್ರವರಿ ೩, ಸೋಮವಾರ

ಅಂಗಡಿಯಲ್ಲಿ ಏವರಿಲ್ ಎದುರಾದಳು. ಎರಡು ವಾರದಿಂದ ಅದೇ ಭಯದಲ್ಲಿ ಹಾಲಿಗೂ ಪಕ್ಕದೂರಿಗೆ ಹೋಗುತ್ತಿದ್ದೆ. ಇವತ್ತು ಪೆಟ್ರೋಲ್ ಇರಲಿಲ್ಲ.

ಅವಳು ದಾರಿಗಡ್ಡವಾಗಿ ನಿಂತಳು. "ಏಳಂತೆ."

"ಹೌದು."

"ಏಳು ಇಲಿ. ನನ್ನ ಗಂಡ ಕಟ್ಟಿದ ಕೊಟ್ಟಿಗೆ, ಮೂವತ್ತು ವರ್ಷದ ಕುರಿಮಂದೆ. ಲೆಕ್ಕ ಸರಿ ಹೋಯ್ತಾ?"

ಅಂಗಡಿಯವಳು ಬೆನ್ನು ತಿರುಗಿಸಿ ಡಬ್ಬಿ ಜೋಡಿಸತೊಡಗಿದಳು.

"ಏವರಿಲ್, ಎರಡು ದಿನ ಕೇಳಿದ್ದು ನಾನು. ಕ್ಲೆಮ್ ಅಲ್ಲ. ನಾನು ಬಾಯಿ ಬಿಡದೇ ಇದ್ದಿದ್ರೆ ಅವನು ಗುರುವಾರಾನೇ ಸುಡೋನಿದ್ದ."

ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. "ಅವನು ನನ್ನ ಮನೆಗೆ ಬಂದು ಅದು ತನ್ನದೇ ತೀರ್ಮಾನ ಅಂದ. 'ನಿನ್ನ ಹೆಂಡ್ತಿ ಹೇಳಿದ್ಲಾ' ಅಂತ ಮುಖಕ್ಕೆ ಹೊಡ್ದಂಗೆ ಕೇಳ್ದೆ. ಇಲ್ಲ ಅಂದ."

ಚೀಲ ಎತ್ತಿಕೊಂಡು ಹೋದಳು. ನಾನು ಏನು ಕೊಳ್ಳಲು ಬಂದಿದ್ದೆನೆಂಬುದು ಮರೆತುಹೋಗಿತ್ತು.

ಫೆಬ್ರವರಿ ೧೮, ಮಂಗಳವಾರ

ಕ್ಲೆಮ್ ನಾಯಕನ ಪಟ್ಟ ಬಿಟ್ಟ. ಬ್ರೆಡ್ ಸೀದರೂ ಎದ್ದು ಹೊರಗೆ ಹೋಗುತ್ತಾನೆ. ಒಲೆಯ ಕೆಲಸ, ಕಸ ಸುಡುವ ಕೆಲಸ ಎಲ್ಲ ಈಗ ನನ್ನದೇ. ಅವನ ಕೈ ಸ್ಪ್ಯಾನರ್ ಹಿಡಿದರೂ ನಡುಗುತ್ತದೆ, ರಿಪೇರಿ ಶೆಡ್ಡಿನಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ವೈದ್ಯೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಕಾರಿನಲ್ಲಿ ಅವನು ಕಿಟಕಿಯತ್ತ ಮುಖ ಮಾಡಿ ಕೂರುತ್ತಾನೆ.

ಇವತ್ತು ಬರುವಾಗ ಇದ್ದಕ್ಕಿದ್ದಂತೆ ಹೇಳಿದ. "ಹೊಗೇಲಿ ನಿನ್ನ ಕಾರು ಕಾಣಿಸ್ಲಿಲ್ಲ. ಬೆಂಕಿ ಹಚ್ಚು ಅಂತ ಹುಡುಗ್ರಿಗೆ ನಾನು ಹೇಳಿದಾಗ ನೀನಿನ್ನೂ ಒಳಗಿದ್ದೆ."

ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿದೆ.

"ಹೇಳ್ಲೇಬೇಕಾಗಿತ್ತು" ಎಂದ. "ಇನ್ನು ಸ್ವಲ್ಪ ತಡ ಮಾಡಿದ್ರೆ ಊರೇ ಹೋಗ್ತಿತ್ತು. ನೀನು ಒಳಗಿದ್ದೀಯ ಅಂತ ಗೊತ್ತಿದ್ದೇ ಹೇಳ್ದೆ, ರೋವೆನಾ."

ಅವನ ಕೈ ಹಿಡಿದುಕೊಂಡು ಕೂತಿದ್ದೆ. ಲಾರಿಗಳು ಹಾದುಹೋದವು. ಆಮೇಲೆ ಮನೆಗೆ ಬಂದು ಸೂಪ್ ಮಾಡಿದೆ. ಒಂದು ಬಟ್ಟಲು ಪೂರ್ತಿ ಕುಡಿದ.

ಮಾರ್ಚ್ ೧೩, ಗುರುವಾರ

ಸುಟ್ಟ ಕಣಿವೆಯಲ್ಲಿ ಮತ್ತೆ ಬೋನು ಇಟ್ಟೆವು, ಒಂದು ವಾರ. ಕರಿ ಕಂಬಗಳಂಥ ಹುಲ್ಲುಮರಗಳ ನೆತ್ತಿಯಲ್ಲಿ ಹಸಿರು ಚವರಿ ಬಂದಿದೆ. ಬೋನುಗಳಲ್ಲಿ ಏನೂ ಇಲ್ಲ. ಇರುವೆಗಳಿಗೆ ಮಾತ್ರ ಹಬ್ಬ.

ಇಂಗ್ರಿಡ್ ಫೋನಿನಲ್ಲಿ ಮೆತ್ತಗೆ ಹೇಳಿದಳು: "ಕಣಿವೆಯಲ್ಲಿ ಮುಗೀತು ಅಂತ ಬರೆದುಬಿಡು ರೋವೆನಾ. ಏಳನ್ನ ಹೊರಗೆ ತಂದ್ರಲ್ಲ, ಅದು ದೊಡ್ಡದು."

ಮೃಗಾಲಯಕ್ಕೆ ಕಳಿಸಿದ ಏಳರಲ್ಲಿ ಒಂದು ಗಂಡು ಸತ್ತಿದೆ. ಉಳಿದವು ಆರು. ಒಂದು ಕುಲವನ್ನು ಆರು ಪ್ರಾಣಿಗಳ ಮೇಲೆ ನಿಲ್ಲಿಸಿದರೆ ಅಣ್ಣತಂಗಿಯರೇ ಜೊತೆಯಾಗಿ ಎಷ್ಟು ತಲೆಮಾರು ಬಾಳಿಯಾವು? ನನ್ನ ಗುರುತುಗಳೇ ಹೇಳುತ್ತವೆ, ಬಹಳವಿಲ್ಲ. ಅಷ್ಟಕ್ಕಾಗಿ ಏವರಿಲ್‌ಳ ಹೊಲ, ಕ್ಲೆಮ್‌ನ ಕೈ. ಬೆಂಕಿಯ ದಿನ ಆಗದಿದ್ದ ಒಂದು ಭಯ ಈಗ ಆಗುತ್ತಿದೆ. ಎಲ್ಲ ವ್ಯರ್ಥವಾಯಿತೇನೋ ಎಂಬ ಭಯ. ಇದರಿಂದ ಓಡಲು ದಾರಿಯೂ ಇಲ್ಲ.

"ಮುಗೀತು" ಎಂದು ಇನ್ನೂ ಬರೆದಿಲ್ಲ.

ಏಪ್ರಿಲ್ ೨೯, ಮಂಗಳವಾರ

ಮಧ್ಯಾಹ್ನ ಪ್ರಯೋಗಾಲಯದ ಬಾಗಿಲು ತಟ್ಟಿದ ಸದ್ದು. ಏವರಿಲ್. ಎದೆಗವಚಿಕೊಂಡ ಬಿಸ್ಕತ್ತಿನ ಡಬ್ಬಿ, ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ತೂತುಗಳು. ಜಗಳಕ್ಕೆ ಬಂದಳೆಂದೇ ನಾನು ಮೇಜಿನ ಹಿಂದೆ ಸರಿದೆ.

"ಇದು ನಿನ್ನ ಇಲೀನಾ ನೋಡು."

ಡಬ್ಬಿಯೊಳಗೆ ಹಳೆಯ ಉಣ್ಣೆ. ಉಣ್ಣೆಯೊಳಗಿಂದ ಬಿಳಿ ಉಂಗುರದ ಒಂದು ಕಣ್ಣು.

ನಾನು ದೀಪ ಹತ್ತಿರಕ್ಕೆ ಎಳೆದುಕೊಂಡೆ. ಅವಳೇ ಹೇಳಿದಳು. "ಸುಟ್ಟ ಕೊಟ್ಟಿಗೆಯ ತಗಡು ಗುಡ್ಡೆ ಬಿದ್ದಿದ್ಯಲ್ಲ, ಅದರಡಿ ಇತ್ತು. ನಮ್ಮ ಡ್ಯೂಕ್ ಮೂರು ದಿನದಿಂದ ಆ ಗುಡ್ಡೆ ಮುಂದೆ ಮೂಗು ಇಟ್ಕೊಂಡು ಕೂತಿದ್ದ. ಬೆಕ್ಕು ಸುಮ್ನೆ ಕೂರತ್ತಾ? ಇವತ್ತು ಬಾಯಲ್ಲಿ ಹಿಡ್ಕೊಂಡೇ ಬಂದ. ಕೈ ಹಾಕಿ ಬಿಡಿಸ್ದೆ. ಕಚ್ಚಿಬಿಡ್ತು ಮುಂಡೇದು." ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು.

ಬೆನ್ನಿನ ಮೇಲೊಂದು ಗಾಯ, ಆಳವಲ್ಲ. ಹೆಣ್ಣು. ಕಿವಿಯಲ್ಲಿ ಹಳೆಯ ಚೂರಿನ ಗುರುತಿಲ್ಲ, ಅಂದರೆ ನಾವು ಎಂದೂ ಹಿಡಿಯದ್ದು. ಅಂಗಾತ ಮಾಡಿ ನೋಡಿದೆ. ಚೀಲದೊಳಗೆ ಅವರೆಕಾಳಿನಷ್ಟು ಗಾತ್ರದ ಎಂಟು ಮರಿಗಳು, ಕೆಂಪಗೆ, ಮೊಲೆಗಳಿಗೆ ಅಂಟಿಕೊಂಡು.

ಏವರಿಲ್ ಕನ್ನಡಕ ಏರಿಸಿಕೊಂಡು ಬಗ್ಗಿದಳು. "ಎಂಟೂ ಬದುಕಿವೆಯಾ?"

"ಎಂಟೂ."

"ಕುರಿ ಎರಡು ಹಾಕಿದ್ರೆ ನಾವು ಊರಿಗೆಲ್ಲ ಹೇಳ್ಕೊಂಡು ತಿರುಗ್ತೀವಿ" ಎಂದು ಕುರ್ಚಿ ಎಳೆದುಕೊಂಡು ಕೂತಳು. "ಚಹಾ ಇದ್ಯಾ ಇಲ್ಲಿ? ಇಲ್ಲ ಬರೀ ಸೀಸೆಗಳೋ?"

ಕಿವಿಚೂರು ತೆಗೆದೆ, ಗಾಯಕ್ಕೆ ಔಷಧಿ ಹಚ್ಚಿದೆ. ಕೈ ಒಂದಿಷ್ಟೂ ನಡುಗಲಿಲ್ಲವೆಂದು ಏವರಿಲ್ ಹೇಳಿದಳು, ನಾನು ಗಮನಿಸಿರಲಿಲ್ಲ. ಚಹಾ ಕುಡಿಯುತ್ತ ಅವಳು ಕೇಳಿದಳು, "ಇದು ಎಲ್ಲಿಂದ ಬಂತು, ಯಾರ ಪೈಕಿ ಅಂತ ನಿನ್ನ ಮಿಷನ್ನು ಹೇಳತ್ತಾ?"

"ಹೇಳತ್ತೆ. ವಾರ ಹಿಡಿಯತ್ತೆ."

"ಹೇಳಿದಾಗ ನಂಗೂ ಹೇಳು. ಶುಕ್ರವಾರ ಆ ತಗಡು ಎತ್ಸೋಣ ಅಂತಿದ್ದೆ. ಈಗ ನಿಲ್ಸಿರ್ತೀನಿ. ಬೆಕ್ಕನ್ನ ಒಳಗೆ ಕೂಡಿ ಹಾಕಿರ್ತೀನಿ, ಅಲ್ಲೀವರ್ಗೂ."

ಮರಿಗಳಿರುವ ತಾಯಿಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಬಾರದು. ಸಂಜೆ ಅದೇ ತಗಡಿನಡಿ ಬಿಟ್ಟುಬಂದೆವು.

ಮೇ ೮, ಗುರುವಾರ

ಬೆಳಿಗ್ಗೆ ಉತ್ತರ ಬಂತು. ಎರಡು ಸಲ ಪರೀಕ್ಷಿಸಿದೆ. ತಗಡಿನಡಿಯ ಹೆಣ್ಣು ಕಣಿವೆಯದೇ ಕುಲ. ಪ್ರತಿಯೊಂದು ಗುರುತಿನಲ್ಲೂ ಒಂದು ತೊದಲು ನನ್ನ ಹೆಬ್ಬೆರಳು ಕಚ್ಚಿದ ಆ ಮೊದಲ ಹೆಣ್ಣಿನದು. ಮರಿಗೆ ಪ್ರತಿ ಗುರುತಿನಲ್ಲೂ ತಾಯಿಯದೊಂದು, ತಂದೆಯದೊಂದು ಬರುತ್ತದೆ. ಮಗಳು! ಅದರ ತಂದೆ ನಮ್ಮ ಏಳರಲ್ಲಿಲ್ಲ. ಇನ್ನೊಂದು ವಿಷಯ ಯಂತ್ರ ಹೇಳಬೇಕಾಗಿಯೇ ಇಲ್ಲ: ಇವು ಕೂಡುವುದು ಮಾರ್ಚ್‌ನಲ್ಲಿ, ಬೆಂಕಿಯಾದ ಎರಡು ತಿಂಗಳಿಗೆ. ಅಂದರೆ ಆ ಬೂದಿಯಲ್ಲಿ ಎಲ್ಲೋ ಒಂದು ಗಂಡೂ ಬದುಕಿತ್ತು.

ಕ್ಲೆಮ್‌ಗೆ ಹೇಳಿದೆ. ಹಾಗೇ, ಯಾವ ಪೀಠಿಕೆಯೂ ಇಲ್ಲದೆ, "ಏವರಿಲ್‌ಗೆ ಹೇಳ್ಬೇಕು, ಬರ್ತೀಯಾ?" ಎಂದೆ. ಜನವರಿಯ ನಂತರ ಅವನು ಆ ಹೊಲದ ಕಡೆ ತಲೆ ಹಾಕಿದವನಲ್ಲ. ಅಂಗಿ ಬದಲಾಯಿಸಿಕೊಂಡು ಬಂದು ಕಾರಿನಲ್ಲಿ ಕೂತ. ದಾರಿಯುದ್ದಕ್ಕೂ ನನಗೆ ಭಯ. ಗೇಟಿನ ಹತ್ತಿರ ಅವನು ಇಳಿಯದೆ ಕೂತಾಗ ಭಯ, ಇಳಿದಾಗ ಇನ್ನೂ ಭಯ.

ಏವರಿಲ್ ತಗಡಿನ ಗುಡ್ಡೆಯ ಹತ್ತಿರವೇ ನಿಂತಿದ್ದಳು. ಕ್ಲೆಮ್ ಟೋಪಿ ತೆಗೆದ.

"ಏವರಿಲ್, ಕುರಿಗಳ ವಿಷ್ಯ..."

"ಅದು ಬೇಡ" ಎಂದಳು. "ಗುಂಡಿನ ಸದ್ದಿಗೆ ನಾನು ಅಡುಗೆಮನೇಲಿ ಕಿವಿ ಮುಚ್ಕೊಂಡು ಕೂತಿದ್ದೆ. ನಂಗೆ ಕೈ ಬರ್ತಿರ್ಲಿಲ್ಲ. ನೀನು ಮಾಡ್ದೆ. ಅಷ್ಟೇ, ಸಾಕು."

ಕ್ಲೆಮ್ ಟೋಪಿಯ ಅಂಚನ್ನು ಸುತ್ತಿಸುತ್ತ ನಿಂತ. ನಾನು ತಾಯಿ ಮಗಳ ವಿಷಯ ಹೇಳಿದೆ. ಅವಳು ತಗಡುಗಳನ್ನು ನೋಡುತ್ತ ಕೇಳಿಸಿಕೊಂಡಳು.

"ಆ ಕಣಿವೆಯಿಂದ ಇಲ್ಲೀವರ್ಗೆ, ಬೆಂಕಿ ನಡುವೆ, ಇಷ್ಟುದ್ದದ್ದು ಓಡಿ ಬಂತಾ?"

"ಬೆಂಕಿ ನಡುವೆಯೋ ಆಮೇಲೋ, ಹೇಗೆ ಬಂತೋ ಗೊತ್ತಿಲ್ಲ. ಬಂದಿದೆ."

"ಮರಿಗಳು ಯಾವಾಗ ದೊಡ್ಡವಾಗ್ತವೆ?"

"ಅಕ್ಟೋಬರ್ ಹೊತ್ತಿಗೆ. ಆಮೇಲೂ ಇಲ್ಲೇ ಸುತ್ತಮುತ್ತ ಇರಬಹುದು."

"ತಗಡು ಇಲ್ಲೇ ಇರ್ಲಿ ಬಿಡು. ಹೆಂಗೂ ತುಕ್ಕು." ನಂತರ ತಡೆದು, "ಬೆಕ್ಕು?" ಎಂದಳು.

ಬೆಕ್ಕು ಇಲ್ಲಿರಕೂಡದೆಂದು ನನಗೆ ಗೊತ್ತಿತ್ತು, ಆದರೆ ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳ ಜೊತೆ ಉಸಿರಾಡುವುದು ಅದೊಂದೇ. ಕ್ಲೆಮ್ ನನ್ನ ಮುಖ ನೋಡಿದ, ಏವರಿಲ್ ನನ್ನ ಮುಖ ನೋಡಿದಳು. ಅವಳು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಮುಚ್ಚಳದ ಬುಟ್ಟಿ, ಒಳಗೆ ಗುರ್ರೆನ್ನುತ್ತಿದ್ದ ಕಿತ್ತಳೆ ಬಣ್ಣದ ಡ್ಯೂಕ್. ಬುಟ್ಟಿಯನ್ನು ಅವಳು ನನಗೆ ಕೊಡಲಿಲ್ಲ, ಕ್ಲೆಮ್‌ನ ಎರಡೂ ಕೈಗಳಲ್ಲಿ ಇಟ್ಟಳು.

"ಗಟ್ಟಿಯಾಗಿ ಹಿಡ್ಕೊ, ಹುಡುಗ. ಅವನಿಗೆ ಕಾರು ಆಗಲ್ಲ."

ಕ್ಲೆಮ್ ಗಟ್ಟಿಯಾಗಿ ಹಿಡಿದುಕೊಂಡ.

ನಾನು ಕಾರು ತಿರುಗಿಸುವಾಗ ಅವಳು ಗೇಟಿನವರೆಗೂ ಹಿಂದೆ ಬಂದಳು. ಕಿಟಕಿ ಇಳಿಸಿದೆ. ಬುಟ್ಟಿಯತ್ತ ನೋಡಲಿಲ್ಲ, ನನ್ನತ್ತಲೂ ನೋಡಲಿಲ್ಲ. ಸುಟ್ಟ ಹೊಲದಲ್ಲಿ ಈಗಷ್ಟೇ ಚಿಗುರಿದ ಹುಲ್ಲಿನತ್ತ ನೋಡುತ್ತ ಹೇಳಿದಳು:

"ಮೀನು ಹಾಕ್ಬೇಡಿ, ಮುಟ್ಟಲ್ಲ. ಅವನಿಗೆ ಕುರಿಮಾಂಸಾನೇ ಆಗ್ಬೇಕು."